ಕೊಚ್ಚಿ ನಗರದ ಯಹೂದಿ ಪರಂಪರೆ: ಮಾರ್ಗದರ್ಶಿಯೊಂದಿಗೆ ಪಾದಚಾರಿ ಪ್ರವಾಸ

ಪೀಠಿಕೆ

ಕೇರಳ ರಾಜ್ಯದ ಎರ್ನಾಕುಲಂ ಜಿಲ್ಲೆಯ ಕೊಚ್ಚಿ ನಗರದಲ್ಲಿ ಮಟ್ಟಾಂಚೇರಿ ಎಂಬ ಹಳೆಯ ವಾಣಿಜ್ಯ ಪ್ರದೇಶವಿದೆ. ಯಹೂದಿ ಸಮುದಾಯಕ್ಕೆ ಸಂಬಂಧಿಸಿದ ಪ್ರಾರ್ಥನಾ ಮಂದಿರ, ಗಡಿಯಾರ ಗೋಪುರ, ವಸತಿ ಬೀದಿ ಹಾಗೂ ರುದ್ರಭೂಮಿ ಈ ಪ್ರದೇಶದಲ್ಲಿ ಪರಸ್ಪರ ಸಮೀಪದಲ್ಲಿವೆ. ಇವುಗಳನ್ನು ಎರಡರಿಂದ ಮೂರು ಗಂಟೆಗಳ ಅವಧಿಯಲ್ಲಿ ಕಾಲ್ನಡಿಗೆಯಲ್ಲೇ ವೀಕ್ಷಿಸಬಹುದಾಗಿದೆ. ಈ ಸ್ಥಳಗಳಿಗೆ ಭೇಟಿ ನೀಡಲು ಇಚ್ಛಿಸುವ ನಾಗರಿಕರು, ಶಾಲಾ ಕಾಲೇಜುಗಳ ಪ್ರವಾಸ ತಂಡಗಳು ಹಾಗೂ ಹಿರಿಯ ನಾಗರಿಕರ ಅನುಕೂಲಕ್ಕಾಗಿ ಅಗತ್ಯ ಮಾಹಿತಿಯನ್ನು ಈ ಪುಟದಲ್ಲಿ ನೀಡಲಾಗಿದೆ.

ಪ್ರವಾಸಿಗರು ಆರಂಭದಲ್ಲೇ ಒಂದು ಅಂಶವನ್ನು ಗಮನದಲ್ಲಿಟ್ಟುಕೊಳ್ಳತಕ್ಕದ್ದು. ಇಲ್ಲಿನ ಕಟ್ಟಡಗಳನ್ನು ಕಟ್ಟಿ, ಶತಮಾನಗಳ ಕಾಲ ಬಳಸಿದ ಸಮುದಾಯದ ಬಹುತೇಕ ಸದಸ್ಯರು 20ನೇ ಶತಮಾನದ ಮಧ್ಯಭಾಗದಲ್ಲಿ ಇಸ್ರೇಲಿಗೆ ತೆರಳಿದ್ದಾರೆ. ಇಲ್ಲಿ ಉಳಿದಿರುವವರು ಬೆರಳೆಣಿಕೆಯಷ್ಟು ಮಾತ್ರ. ಆದಾಗ್ಯೂ ಪ್ರಾರ್ಥನಾ ಮಂದಿರವು ವಸ್ತು ಸಂಗ್ರಹಾಲಯವಾಗಿ ಪರಿವರ್ತನೆ ಹೊಂದಿಲ್ಲ. ಅದು ಇಂದಿಗೂ ಪೂಜ್ಯ ಸ್ಥಳವಾಗಿದೆ. ಕಟ್ಟಿದವರು ಸಮೀಪದಲ್ಲಿ ಇಲ್ಲದಿರುವಾಗ ಸ್ಥಳದ ಗೌರವವನ್ನು ಕಾಪಾಡುವ ಹೊಣೆಯು ನೆರೆಹೊರೆಯವರ, ಸರ್ಕಾರದ ಹಾಗೂ ಭೇಟಿ ನೀಡುವವರ ಪಾಲಿಗೆ ಬರುತ್ತದೆ.

ಐತಿಹಾಸಿಕ ಹಿನ್ನೆಲೆ

ರಾಜ ಸೊಲೊಮನ್‌ನ ಕಾಲದ ಹಡಗುಗಳೊಂದಿಗೆ ತಮ್ಮ ಪೂರ್ವಜರು ಮಲಬಾರ್ ಕರಾವಳಿಗೆ ಬಂದರೆಂಬುದು ಕೊಚ್ಚಿಯ ಯಹೂದಿಯರಲ್ಲಿ ಪರಂಪರಾಗತವಾಗಿ ಬಂದಿರುವ ನಂಬಿಕೆ. ಕ್ರಿ.ಶ. 70ರಲ್ಲಿ ಜೆರುಸಲೇಮಿನ ಎರಡನೇ ದೇವಾಲಯವು ನಾಶವಾದ ತರುವಾಯ ಬಂದರೆಂಬ ಮತ್ತೊಂದು ಹೇಳಿಕೆಯೂ ಪ್ರಚಲಿತದಲ್ಲಿದೆ. ಲಿಖಿತ ದಾಖಲೆಯ ದೃಷ್ಟಿಯಿಂದ ಅತಿ ಮುಖ್ಯವಾದುದು ಸುಮಾರು ಕ್ರಿ.ಶ. 1000ದ ತಾಮ್ರ ಶಾಸನ. ಚೇರ ಅರಸ ಭಾಸ್ಕರ ರವಿವರ್ಮನು ಜೋಸೆಫ್ ರಬ್ಬಾನ್ ಎಂಬ ಯಹೂದಿ ಪ್ರಮುಖನಿಗೆ ಇದನ್ನು ನೀಡಿದನು. ವಟ್ಟೆಳುತ್ತು ಲಿಪಿಯಲ್ಲಿರುವ ಈ ಶಾಸನದಲ್ಲಿ 72 ಹಕ್ಕುಗಳ ಪ್ರಸ್ತಾಪವಿದೆ. ಹಗಲು ದೀಪ, ಪಲ್ಲಕ್ಕಿ, ಛತ್ರಿ ಮುಂತಾದ ಗೌರವಗಳ ಜೊತೆಗೆ ಸುಂಕ ವಸೂಲಿ ಹಾಗೂ ತೆರಿಗೆ ವಿನಾಯಿತಿಯ ಅಧಿಕಾರವೂ ಅದರಲ್ಲಿ ಸೇರಿದೆ. ಅಂದರೆ ಅದು ಬರಿಯ ಬಿರುದಿನ ಪತ್ರವಾಗಿರದೆ, ಸಮುದ್ರ ವ್ಯಾಪಾರದಲ್ಲಿ ತೊಡಗಿದ್ದ ಸಮುದಾಯವೊಂದಕ್ಕೆ ದೊರೆತ ವಾಣಿಜ್ಯ ಸನದು ಸಹ ಆಗಿತ್ತು. ಈ ಶಾಸನದ ಪ್ರತಿಕೃತಿಯನ್ನು ಭಾರತದ ಪ್ರಧಾನ ಮಂತ್ರಿಯವರು 2017ರ ಜುಲೈ ತಿಂಗಳಿನಲ್ಲಿ ಇಸ್ರೇಲ್ ಪ್ರಧಾನ ಮಂತ್ರಿಯವರಿಗೆ ಕಾಣಿಕೆಯಾಗಿ ನೀಡಿದರು.

ಆರಂಭದಲ್ಲಿ ಯಹೂದಿಯರ ಪ್ರಮುಖ ನೆಲೆ ಕೊಡುಂಗಲ್ಲೂರು ಆಗಿತ್ತು. 1341ರಲ್ಲಿ ಪೆರಿಯಾರ್ ನದಿಗೆ ಬಂದ ಮಹಾಪ್ರವಾಹದಿಂದ ಅಲ್ಲಿನ ಬಂದರಿನಲ್ಲಿ ಹೂಳು ತುಂಬಿ, ಕೊಚ್ಚಿಯ ಬಂದರು ಪ್ರಾಮುಖ್ಯ ಪಡೆಯಿತು. ವ್ಯಾಪಾರವನ್ನು ಅನುಸರಿಸಿ ಯಹೂದಿ ಕುಟುಂಬಗಳೂ ಕೊಚ್ಚಿಗೆ ಬರತೊಡಗಿದವು. ಕೊಚ್ಚಂಗಾಡಿಯಲ್ಲಿ 1344ರಲ್ಲಿ ನಿರ್ಮಾಣವಾದ ಪ್ರಾರ್ಥನಾ ಮಂದಿರವು ಇಂದು ಇಲ್ಲವಾದರೂ ಅದರ ಶಿಲಾಶಾಸನವು ಉಳಿದಿದೆ. 1492ರಲ್ಲಿ ಸ್ಪೇನ್ ದೇಶದಿಂದ ಯಹೂದಿಯರನ್ನು ಹೊರಹಾಕಿದ ತರುವಾಯ ಯೂರೋಪಿನಿಂದಲೂ, ಪಶ್ಚಿಮ ಏಷ್ಯಾದ ನಗರಗಳಿಂದಲೂ ಕೆಲವು ಕುಟುಂಬಗಳು ಕೊಚ್ಚಿಗೆ ಬಂದು ಸೇರಿದವು. ಹೀಗೆ ಬಂದವರನ್ನು ‘ಪರದೇಶಿ’ ಯಹೂದಿಯರೆಂದೂ, ಮೊದಲಿನಿಂದ ನೆಲೆಸಿದ್ದವರನ್ನು ‘ಮಲಬಾರಿ’ ಯಹೂದಿಯರೆಂದೂ ಕರೆಯಲಾಯಿತು. ಕನ್ನಡದ ಆಡುಮಾತಿನಲ್ಲಿ ‘ಪರದೇಶಿ’ ಎಂದರೆ ದಿಕ್ಕಿಲ್ಲದವನೆಂಬ ಅರ್ಥವಿದ್ದು, ಇಲ್ಲಿ ಪರದೇಶದಿಂದ ಬಂದವರೆಂಬ ಮೂಲಾರ್ಥವನ್ನಷ್ಟೇ ಗ್ರಹಿಸಬೇಕು.

16ನೇ ಶತಮಾನದಲ್ಲಿ ಪೋರ್ಚುಗೀಸರ ಒತ್ತಡವು ಹೆಚ್ಚಿದಾಗ ಕೊಚ್ಚಿಯ ರಾಜರು ಯಹೂದಿಯರಿಗೆ ತಮ್ಮ ಅರಮನೆಯ ಪಕ್ಕದಲ್ಲೇ ನಿವೇಶನವನ್ನು ನೀಡಿದರು. 1560ರಲ್ಲಿ ಗೋವೆಯಲ್ಲಿ ಪೋರ್ಚುಗೀಸರ ಧರ್ಮ ವಿಚಾರಣಾ ಮಂಡಳಿಯು ಸ್ಥಾಪನೆಯಾಗಿದ್ದ ಕಾಲವದು ಎಂಬುದನ್ನು ನೆನೆದಾಗ ಈ ಆಶ್ರಯದ ಬೆಲೆ ತಿಳಿಯುತ್ತದೆ. ಆ ನಿವೇಶನದಲ್ಲಿ ಬೆಳೆದ ಬೀದಿಯೇ ಇಂದಿನ ‘ಜ್ಯೂ ಟೌನ್’.

ನಡಿಗೆಯ ಮಾರ್ಗ

ಈ ಕೆಳಕಂಡ ಅನುಕ್ರಮದಲ್ಲಿ ವೀಕ್ಷಿಸಿದಲ್ಲಿ ಇತಿಹಾಸದ ಕ್ರಮವೂ ಸುಲಭವಾಗಿ ಅರ್ಥವಾಗುತ್ತದೆ.

1. ಮಟ್ಟಾಂಚೇರಿ ಅರಮನೆ

ನಡಿಗೆಯನ್ನು ಇಲ್ಲಿಂದ ಆರಂಭಿಸುವುದು ಸೂಕ್ತ. ಪೋರ್ಚುಗೀಸರು ಇದನ್ನು ಕಟ್ಟಿಸಿ 1555ರ ಸುಮಾರಿಗೆ ಕೊಚ್ಚಿಯ ರಾಜರಿಗೆ ಒಪ್ಪಿಸಿದರು. 1663ರಲ್ಲಿ ಕೊಚ್ಚಿಯು ಡಚ್ಚರ ವಶವಾದ ನಂತರ ಅವರು ಇದನ್ನು ದುರಸ್ತಿಪಡಿಸಿದ್ದರಿಂದ ‘ಡಚ್ ಅರಮನೆ’ ಎಂಬ ಹೆಸರೂ ರೂಢಿಗೆ ಬಂದಿದೆ. ರಾಮಾಯಣದ ಪ್ರಸಂಗಗಳುಳ್ಳ ಭಿತ್ತಿಚಿತ್ರಗಳಿಗಾಗಿ ಈ ಅರಮನೆಯು ಪ್ರಸಿದ್ಧವಾಗಿದೆ. ಆವರಣದಲ್ಲಿ ರಾಜಮನೆತನದ ಕುಲದೇವತೆಯಾದ ಪಳಯನ್ನೂರ್ ಭಗವತಿಯ ದೇವಸ್ಥಾನವಿದೆ. ಈ ದೇವಸ್ಥಾನ ಮತ್ತು ಯಹೂದಿ ಪ್ರಾರ್ಥನಾ ಮಂದಿರಗಳ ನಡುವೆ ಇರುವುದು ಒಂದೇ ಗೋಡೆ ಎಂಬುದನ್ನು ಮಾರ್ಗದರ್ಶಿಯು ಇಲ್ಲಿಯೇ ತೋರಿಸುವುದು ವಾಡಿಕೆ. ರಾಜಾಶ್ರಯ ಎಂಬ ಮಾತಿನ ಅರ್ಥವು ಈ ಗೋಡೆಯ ಬಳಿ ಸ್ಪಷ್ಟವಾಗುತ್ತದೆ.

2. ಯಹೂದಿ ಬೀದಿ

ಅರಮನೆಯಿಂದ ಕೆಲವೇ ನಿಮಿಷಗಳ ನಡಿಗೆಯಲ್ಲಿ ಈ ಇಕ್ಕಟ್ಟಾದ ಬೀದಿಯನ್ನು ತಲುಪಬಹುದು. ಇಬ್ಬದಿಯ ಮನೆಗಳ ಗೋಡೆಗಳು ಒಂದಕ್ಕೊಂದು ತಾಗಿಕೊಂಡಿವೆ. ಕೆಲವು ಕಿಟಕಿಗಳ ಕಂಬಿಗಳಲ್ಲಿ ಆರು ಮೂಲೆಗಳ ದಾವೀದನ ನಕ್ಷತ್ರವನ್ನು ಕಾಣಬಹುದು. ಮನೆಗಳ ಕೆಳ ಅಂತಸ್ತಿನಲ್ಲಿ ಈಗ ಹಳೆಯ ವಸ್ತುಗಳ, ಬಟ್ಟೆಯ ಹಾಗೂ ಸಾಂಬಾರ ಪದಾರ್ಥಗಳ ಅಂಗಡಿಗಳಿವೆ. ಕರಿಮೆಣಸು, ಶುಂಠಿ, ಏಲಕ್ಕಿಗಳ ಸಗಟು ವ್ಯಾಪಾರಕ್ಕೆ ಮಟ್ಟಾಂಚೇರಿಯು ಬಹುಕಾಲದಿಂದ ಹೆಸರಾಗಿದ್ದು, ಮೆಣಸಿನ ವಾಯಿದಾ ವ್ಯಾಪಾರದ ಕೇಂದ್ರವೂ ಇದೇ ಪ್ರದೇಶದಲ್ಲಿ 1957ರಲ್ಲಿ ಆರಂಭಗೊಂಡಿತು.

ಈ ಬೀದಿಯಲ್ಲಿ ಸಾರಾ ಕೊಹೆನ್ ಅವರ ಕಸೂತಿ ಅಂಗಡಿಯು ಪ್ರವಾಸಿಗರಿಗೆ ಚಿರಪರಿಚಿತವಾಗಿತ್ತು. ಅವರು 2019ರಲ್ಲಿ ತಮ್ಮ 96ನೇ ವಯಸ್ಸಿನಲ್ಲಿ ನಿಧನರಾದರು. ಅವರ ಕೊನೆಯ ವರ್ಷಗಳಲ್ಲಿ ಅವರನ್ನು ನೋಡಿಕೊಂಡು, ಅಂಗಡಿಯನ್ನು ನಡೆಸಿದವರು ನೆರೆಯ ಮುಸ್ಲಿಂ ಕುಟುಂಬದವರು. ಊರು ಬಿಟ್ಟುಹೋದವರ ನೆನಪನ್ನು ಊರಿನವರು ಕಾಯುವ ಬಗೆಗೆ ಇದೊಂದು ನಿದರ್ಶನವಾಗಿದೆ.

3. ಗಡಿಯಾರ ಗೋಪುರ

ಬೀದಿಯ ಕೊನೆಯಲ್ಲಿ ಕಾಣುವ ಗಡಿಯಾರ ಗೋಪುರವನ್ನು ವರ್ತಕ ಎಜೆಕಿಯೆಲ್ ರಹಾಬಿಯವರು 1760ರ ಸುಮಾರಿಗೆ ಕಟ್ಟಿಸಿದರು. ಡಚ್ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮಲಬಾರಿನ ಅರಸರೊಂದಿಗೆ ವ್ಯವಹಾರ ನಡೆಸುತ್ತಿದ್ದ ರಹಾಬಿಯವರು ಆ ಕಾಲದ ಕೊಚ್ಚಿಯ ಅತಿ ಪ್ರಭಾವಿ ವರ್ತಕರಲ್ಲಿ ಒಬ್ಬರು. ಗೋಪುರದ ಮುಖಗಳಲ್ಲಿ ಅಂಕಿಗಳನ್ನು ಬೇರೆ ಬೇರೆ ಲಿಪಿಗಳಲ್ಲಿ ಬರೆಯಲಾಗಿದೆ. ಅರಮನೆಯ ಕಡೆಗೆ ಮಲಯಾಳಂ ಅಂಕಿಗಳು, ಪ್ರಾರ್ಥನಾ ಮಂದಿರದ ಕಡೆಗೆ ಹೀಬ್ರೂ ಅಕ್ಷರಗಳು, ಪೇಟೆಯ ಕಡೆಗೆ ರೋಮನ್ ಅಂಕಿಗಳು ಇವೆ. ರಾಜನಿಗೂ, ಭಕ್ತನಿಗೂ, ವರ್ತಕನಿಗೂ ಅವರವರ ಲಿಪಿಯಲ್ಲಿ ಒಂದೇ ಹೊತ್ತನ್ನು ತೋರಿಸುವ ವ್ಯವಸ್ಥೆ ಇದಾಗಿತ್ತು. ಶಿಥಿಲಗೊಂಡಿದ್ದ ಗೋಪುರವನ್ನು ಅಂತರರಾಷ್ಟ್ರೀಯ ನೆರವಿನಿಂದ ದುರಸ್ತಿಪಡಿಸಲಾಗಿದೆ.

4. ಪರದೇಶಿ ಪ್ರಾರ್ಥನಾ ಮಂದಿರ

ಯಹೂದಿಯರ ಪ್ರಾರ್ಥನಾ ಮಂದಿರವನ್ನು ‘ಸಿನಗಾಗ್’ ಎಂದು ಕರೆಯುತ್ತಾರೆ. 1568ರಲ್ಲಿ ನಿರ್ಮಾಣವಾದ ಪರದೇಶಿ ಸಿನಗಾಗ್ ಈ ನಡಿಗೆಯ ಪ್ರಧಾನ ಸ್ಥಳ. 1662ರಲ್ಲಿ ಪೋರ್ಚುಗೀಸರು ಇದಕ್ಕೆ ಹಾನಿ ಉಂಟುಮಾಡಿದ್ದು, ಡಚ್ಚರ ಆಗಮನದ ನಂತರ 1664ರಲ್ಲಿ ಪುನರ್ನಿರ್ಮಿಸಲಾಯಿತು. 1968ರಲ್ಲಿ ನಡೆದ 400ನೇ ವರ್ಷದ ಉತ್ಸವದಲ್ಲಿ ಅಂದಿನ ಪ್ರಧಾನ ಮಂತ್ರಿ ಶ್ರೀಮತಿ ಇಂದಿರಾ ಗಾಂಧಿಯವರು ಭಾಗವಹಿಸಿದ್ದರು. ಭಾರತೀಯ ಅಂಚೆ ಇಲಾಖೆಯು ಆ ಸಂದರ್ಭದಲ್ಲಿ ಸ್ಮಾರಕ ಅಂಚೆಚೀಟಿಯನ್ನು ಹೊರತಂದಿತು.

ಒಳಗೆ ಗಮನಿಸತಕ್ಕ ಅಂಶಗಳು:

(ಅ) ನೆಲಹಾಸು: ಚೀನಾ ದೇಶದಿಂದ 18ನೇ ಶತಮಾನದಲ್ಲಿ ತರಿಸಿದ, ಕೈಯಿಂದ ಚಿತ್ರಿಸಿದ ನೀಲಿ-ಬಿಳಿ ಪಿಂಗಾಣಿ ಬಿಲ್ಲೆಗಳು. ಒಂದರಂತೆ ಮತ್ತೊಂದು ಇಲ್ಲವೆಂದು ಪ್ರತೀತಿ. ಪಾದರಕ್ಷೆಗಳನ್ನು ಹೊರಗೆ ಬಿಡುವ ನಿಯಮದಿಂದ ಈ ನೆಲಹಾಸಿನ ರಕ್ಷಣೆಯೂ ಆಗುತ್ತದೆ.

(ಆ) ಪವಿತ್ರ ಪೆಟ್ಟಿಗೆ: ಜೆರುಸಲೇಮಿನ ದಿಕ್ಕಿಗೆ ಅಂದರೆ ಪಶ್ಚಿಮಕ್ಕೆ ಇದನ್ನು ಇರಿಸಲಾಗಿದೆ. ತೋರಾ ಗ್ರಂಥದ ಸುರುಳಿಗಳು ಇದರಲ್ಲಿವೆ. 19ನೇ ಶತಮಾನದ ಆರಂಭದಲ್ಲಿ ತಿರುವಾಂಕೂರಿನ ಮಹಾರಾಜರು ನೀಡಿದ ಚಿನ್ನದ ಕಿರೀಟವೂ ಈ ಮಂದಿರದ ಸ್ವತ್ತಿನಲ್ಲಿ ಸೇರಿದೆ. ಇವು ಎಲ್ಲ ದಿನಗಳಲ್ಲಿ ಸಾರ್ವಜನಿಕ ಪ್ರದರ್ಶನಕ್ಕೆ ಇರುವುದಿಲ್ಲ.

(ಇ) ವಾಚನ ವೇದಿಕೆ: ಸಭಾಂಗಣದ ಮಧ್ಯದಲ್ಲಿ ಹಿತ್ತಾಳೆಯ ಕಂಬಿಗಳುಳ್ಳ ವೇದಿಕೆಯಿದೆ. ಮೇಲಿನ ಅಂತಸ್ತಿನಲ್ಲಿ ಎರಡನೆಯ ವಾಚನ ವೇದಿಕೆ ಇರುವುದು ಕೇರಳದ ಸಿನಗಾಗ್‌ಗಳ ವೈಶಿಷ್ಟ್ಯ. ಸ್ತ್ರೀಯರು ಕುಳಿತುಕೊಳ್ಳುವ ಸ್ಥಳವೂ ಮೇಲಂತಸ್ತಿನಲ್ಲೇ ಇದೆ.

(ಈ) ದೀಪಗಳು: ಮೇಲ್ಛಾವಣಿಯಿಂದ ಬೆಲ್ಜಿಯಂ ಗಾಜಿನ ತೂಗುದೀಪಗಳೂ, ಎಣ್ಣೆಯ ಹಣತೆಗಳೂ ತೂಗಾಡುತ್ತವೆ.

(ಉ) ಶಿಲಾಶಾಸನ: ಕೊಚ್ಚಂಗಾಡಿಯ 1344ರ ಮಂದಿರದ ಶಾಸನವನ್ನು ಹೊರ ಆವರಣದ ಗೋಡೆಯಲ್ಲಿ ಅಳವಡಿಸಲಾಗಿದೆ. ಕಟ್ಟಡವು ಅಳಿದರೂ ಅದರ ಕಲ್ಲನ್ನು ತಂದು ಹೊಸ ಕಟ್ಟಡದಲ್ಲಿ ಉಳಿಸಿಕೊಂಡ ಈ ಕ್ರಮವನ್ನು ವಿಶೇಷವಾಗಿ ಗಮನಿಸಬೇಕು.

ಯಹೂದಿ ಸಂಪ್ರದಾಯದಂತೆ ಸಾಮೂಹಿಕ ಪ್ರಾರ್ಥನೆಗೆ ಕನಿಷ್ಠ ಹತ್ತು ಮಂದಿ ವಯಸ್ಕ ಪುರುಷರು ಹಾಜರಿರಬೇಕು. ಇದನ್ನು ‘ಮಿನ್ಯಾನ್’ ಎನ್ನುತ್ತಾರೆ. ಸ್ಥಳೀಯರಿಂದಲೇ ಈ ಸಂಖ್ಯೆಯನ್ನು ಪೂರೈಸುವುದು ಈಗ ಸಾಧ್ಯವಿಲ್ಲ. ಹೊರಗಿನಿಂದ ಬಂದ ಯಹೂದಿ ಯಾತ್ರಿಕರು ಸೇರಿದಾಗ ಮಾತ್ರ ಪೂರ್ಣ ವಿಧಿಯ ಪ್ರಾರ್ಥನೆ ನಡೆಯಲು ಅವಕಾಶವಾಗುತ್ತದೆ. ಸಭಾಂಗಣದ ಖಾಲಿ ಆಸನಗಳನ್ನು ನೋಡುವಾಗ ಈ ಸಂಗತಿಯು ಪ್ರವಾಸಿಗರ ಗಮನದಲ್ಲಿರಲಿ.

5. ಕಡವುಂಭಾಗಂ ಮಂದಿರದ ಅವಶೇಷ

ಮಟ್ಟಾಂಚೇರಿಯಲ್ಲಿ ಹಿಂದೆ ಮೂರು ಸಿನಗಾಗ್‌ಗಳಿದ್ದವು. ಪರದೇಶಿ ಮಂದಿರವನ್ನು ಹೊರತುಪಡಿಸಿ ಉಳಿದ ಎರಡೂ ಮಲಬಾರಿ ಯಹೂದಿಯರಿಗೆ ಸೇರಿದ್ದವು. ಅವುಗಳ ಹೆಸರು ಕಡವುಂಭಾಗಂ ಮತ್ತು ತೆಕ್ಕುಂಭಾಗಂ. ಮಲಯಾಳಂ ಭಾಷೆಯಲ್ಲಿ ‘ಕಡವು’ ಎಂದರೆ ದೋಣಿ ನಿಲ್ಲುವ ಸ್ಥಳ. ‘ತೆಕ್ಕು’ ಎಂದರೆ ನಮ್ಮ ತೆಂಕು, ಅಂದರೆ ದಕ್ಷಿಣ. ತೆಕ್ಕುಂಭಾಗಂ ಮಂದಿರವು ಈಗ ಇಲ್ಲ. 16ನೇ ಶತಮಾನದ ಕಡವುಂಭಾಗಂ ಮಂದಿರವು ಸಮುದಾಯವು ತೆರಳಿದ ನಂತರ ಅನ್ಯ ಬಳಕೆಗೆ ಒಳಪಟ್ಟು ಶಿಥಿಲವಾಯಿತು. ಅದರ ಕೆತ್ತನೆಯ ಮರಗೆಲಸವನ್ನು 1990ರ ದಶಕದಲ್ಲಿ ಬಿಡಿಬಿಡಿಯಾಗಿ ಕಳಚಿ ಜೆರುಸಲೇಮಿನ ಇಸ್ರೇಲ್ ವಸ್ತು ಸಂಗ್ರಹಾಲಯಕ್ಕೆ ಸಾಗಿಸಿ, ಅಲ್ಲಿ ಮರುಜೋಡಿಸಲಾಗಿದೆ. 2019ರ ಮಳೆಗಾಲದಲ್ಲಿ ಕೊಚ್ಚಿಯಲ್ಲಿ ಉಳಿದಿದ್ದ ಗೋಡೆಗಳ ಒಂದು ಭಾಗವು ಕುಸಿದುಬಿದ್ದಿತು.

ಒಂದೇ ಕಟ್ಟಡದ ಒಳಭಾಗವು ಒಂದು ದೇಶದಲ್ಲಿ, ಹೊರಗೋಡೆಯು ಮತ್ತೊಂದು ದೇಶದಲ್ಲಿ ಉಳಿದ ಉದಾಹರಣೆಗಳು ವಿರಳ. ಹಲವು ಪ್ರವಾಸಿಗರು ಪರದೇಶಿ ಮಂದಿರವನ್ನು ನೋಡಿ ಹಿಂತಿರುಗುತ್ತಾರೆ. ಕಡವುಂಭಾಗಂ ಮಂದಿರದ ಸ್ಥಳವನ್ನೂ ತೋರಿಸುವಂತೆ ಮಾರ್ಗದರ್ಶಿಯನ್ನು ಕೋರುವುದು ಒಳಿತು. ಶಿಥಿಲ ಗೋಡೆಗಳ ಸಮೀಪಕ್ಕೆ ಹೋಗಬಾರದು.

6. ಯಹೂದಿ ರುದ್ರಭೂಮಿ

ಬೀದಿಯಿಂದ ಸ್ವಲ್ಪ ದೂರದಲ್ಲಿ ಪರದೇಶಿ ಯಹೂದಿಯರ ರುದ್ರಭೂಮಿ ಇದೆ. ದ್ವಾರಕ್ಕೆ ಬೀಗ ಹಾಕಿರುವುದುಂಟು. ಅಂತಹ ಸಂದರ್ಭದಲ್ಲಿ ಹೊರಗಿನಿಂದಲೇ ವೀಕ್ಷಿಸತಕ್ಕದ್ದು. ಗೋರಿಗಳ ಮೇಲೆ ಸಣ್ಣ ಕಲ್ಲುಗಳನ್ನಿರಿಸುವುದು ಯಹೂದಿಯರಲ್ಲಿ ಸ್ಮರಣೆಯ ಪದ್ಧತಿಯಾಗಿದ್ದು, ಅವುಗಳನ್ನು ಯಾರೂ ತೆಗೆಯಬಾರದು.

ಸಮುದಾಯದೊಳಗಿನ ಭೇದಭಾವ ಮತ್ತು ಎ.ಬಿ. ಸೇಲಂ

ಪೋರ್ಚುಗೀಸರ ಕಾಲವನ್ನು ಹೊರತುಪಡಿಸಿದರೆ ಕೊಚ್ಚಿಯಲ್ಲಿ ಯಹೂದಿಯರು ಬಹುಮಟ್ಟಿಗೆ ಪರರಿಂದ ಹಿಂಸೆಗೆ ಒಳಗಾಗದೆ ಬಾಳಿದರೆಂಬುದು ಸರ್ವವಿದಿತ. ಆದರೆ ಸಮುದಾಯದ ಒಳಗೆ ಶ್ರೇಣೀಕರಣವಿತ್ತೆಂಬುದನ್ನೂ ದಾಖಲಿಸುವುದು ಅಗತ್ಯ. ಪರದೇಶಿಯರು ಮತ್ತು ಮಲಬಾರಿಯರ ನಡುವೆ ವೈವಾಹಿಕ ಸಂಬಂಧಗಳಿರಲಿಲ್ಲ. ಪರದೇಶಿಯರ ಮನೆಗಳಲ್ಲಿ ದಾಸ್ಯದಿಂದ ಬಿಡುಗಡೆ ಹೊಂದಿದವರ ವಂಶಸ್ಥರಿಗೆ ಪರದೇಶಿ ಸಿನಗಾಗ್‌ನಲ್ಲಿ ಸಮಾನ ಸ್ಥಾನವಿರಲಿಲ್ಲ. ಅವರು ಆಸನಗಳಲ್ಲಿ ಕುಳಿತುಕೊಳ್ಳುವಂತಿರಲಿಲ್ಲ. ತೋರಾ ವಾಚನಕ್ಕೂ ಅವರನ್ನು ಕರೆಯುತ್ತಿರಲಿಲ್ಲ.

ಇದೇ ವರ್ಗದಲ್ಲಿ ಜನಿಸಿದ ವಕೀಲ ಅಬ್ರಹಾಂ ಬರಾಕ್ ಸೇಲಂ (1882-1967) ಅವರು ಗಾಂಧೀಜಿಯವರ ಸತ್ಯಾಗ್ರಹ ಮಾರ್ಗವನ್ನು ಸಿನಗಾಗ್‌ನ ಒಳಗೇ ಅನುಸರಿಸಿದರು. ಕೊಚ್ಚಿ ಸಂಸ್ಥಾನದ ಶಾಸನ ಸಭೆಯ ಸದಸ್ಯರೂ ಆಗಿದ್ದ ಅವರ ದೀರ್ಘ ಪ್ರಯತ್ನದಿಂದ ನಿರ್ಬಂಧಗಳು ಕ್ರಮೇಣ ಸಡಿಲಗೊಂಡವು. ಅವರನ್ನು ‘ಯಹೂದಿ ಗಾಂಧಿ’ ಎಂದು ಸ್ಮರಿಸಲಾಗುತ್ತದೆ. ಸುಂದರವಾದ ನೆಲಹಾಸು, ದೀಪಗಳನ್ನು ನೋಡುವಾಗ, ಅದೇ ನೆಲದ ಮೇಲೆ ಸಮಾನತೆಗಾಗಿ ನಡೆದ ಈ ಹೋರಾಟವನ್ನೂ ತಿಳಿದಿದ್ದರೆ ಮಾತ್ರ ಭೇಟಿಯು ಪೂರ್ಣವಾಗುತ್ತದೆ.

ವಲಸೆ ಮತ್ತು ಇಂದಿನ ಸ್ಥಿತಿ

1948ರಲ್ಲಿ ಇಸ್ರೇಲ್ ರಾಷ್ಟ್ರವು ಸ್ಥಾಪನೆಯಾದಾಗ ಕೊಚ್ಚಿಯ ಯಹೂದಿಯರ ಸಂಖ್ಯೆ ಸುಮಾರು 2,500. ಅವರಲ್ಲಿ ಹೆಚ್ಚಿನವರು 1950ರ ದಶಕದಲ್ಲಿ, ಬಹುತೇಕ ಇಡೀ ಊರಿಗೆ ಊರೇ ಎಂಬಂತೆ ತೆರಳಿದರು. ಇವರು ಹೊರಟದ್ದು ಯಾವುದೇ ಕಿರುಕುಳದ ಕಾರಣದಿಂದಲ್ಲ. ಧಾರ್ಮಿಕ ನಂಬಿಕೆಯ ಸೆಳೆತದಿಂದ ಎಂಬುದು ಗಮನಾರ್ಹ. ಇಸ್ರೇಲಿನ ನೆವಾತಿಂ ಮೊದಲಾದ ಕೃಷಿ ಗ್ರಾಮಗಳಲ್ಲಿ ಇವರು ನೆಲೆಸಿದರು. ನೆವಾತಿಂನಲ್ಲಿ ಕೇರಳದ ಶೈಲಿಯ ಸಿನಗಾಗ್ ಮತ್ತು ಕೊಚ್ಚಿ ಯಹೂದಿಯರ ಪರಂಪರೆಯ ಕೇಂದ್ರವಿದೆ.

ಕೊಚ್ಚಿಯ ಯಹೂದಿ ಸ್ತ್ರೀಯರು ಮದುವೆ, ಹಬ್ಬಗಳ ಸಂದರ್ಭದಲ್ಲಿ ಮಲಯಾಳಂ ಹಾಡುಗಳನ್ನು ಹಾಡುತ್ತಿದ್ದರು ಹಾಗೂ ಅವುಗಳನ್ನು ಕೈಬರಹದ ಪುಸ್ತಕಗಳಲ್ಲಿ ಬರೆದಿಟ್ಟುಕೊಂಡಿದ್ದರು. ಕಟ್ಟಡಗಳನ್ನು ಹೊತ್ತೊಯ್ಯಲಾಗದಿದ್ದರೂ ಈ ಪುಸ್ತಕಗಳು ಅವರೊಂದಿಗೆ ಸಮುದ್ರ ದಾಟಿದವು. ಸಂಶೋಧಕರು ಅವುಗಳನ್ನು ಸಂಗ್ರಹಿಸಿ ಅಧ್ಯಯನ ನಡೆಸಿದ್ದಾರೆ.

ನಗರದ ಇತರೆಡೆ ಹಾಗೂ ಸುತ್ತಮುತ್ತಲಿನ ಸ್ಥಳಗಳು

ಹೆಚ್ಚಿನ ಸಮಯಾವಕಾಶ ಉಳ್ಳವರು ಈ ಕೆಳಕಂಡ ಸ್ಥಳಗಳನ್ನೂ ವೀಕ್ಷಿಸಬಹುದು. ಇವೆಲ್ಲವೂ ಮಲಬಾರಿ ಯಹೂದಿಯರಿಗೆ ಸೇರಿದ್ದವು.

1. ಎರ್ನಾಕುಲಂ: ಪೇಟೆಯ ಯಹೂದಿ ಬೀದಿಯ ಪ್ರದೇಶದಲ್ಲಿ ಕಡವುಂಭಾಗಂ ಮತ್ತು ತೆಕ್ಕುಂಭಾಗಂ ಎಂಬ ಅವೇ ಹೆಸರಿನ ಎರಡು ಮಂದಿರಗಳಿವೆ. ಇಲ್ಲಿನ ಕಡವುಂಭಾಗಂ ಮಂದಿರವು ಅಲಂಕಾರಿಕ ಮೀನು ಹಾಗೂ ಸಸಿಗಳ ಅಂಗಡಿಯ ಹಿಂದೆ ಇರುವುದರಿಂದ ರಸ್ತೆಯಿಂದ ಗೋಚರಿಸುವುದಿಲ್ಲ. ಅಂಗಡಿಯವರ ಅನುಮತಿ ಪಡೆದು ವೀಕ್ಷಿಸಬೇಕು.

2. ಉತ್ತರ ಪರವೂರ್: 17ನೇ ಶತಮಾನದ ಸಿನಗಾಗ್ ಅನ್ನು ಕೇರಳ ಸರ್ಕಾರದ ಮುಜಿರಿಸ್ ಪರಂಪರೆ ಯೋಜನೆಯಡಿ ಜೀರ್ಣೋದ್ಧಾರ ಮಾಡಿ, ಕೇರಳದ ಯಹೂದಿಯರ ಇತಿಹಾಸವನ್ನು ತಿಳಿಸುವ ವಸ್ತು ಸಂಗ್ರಹಾಲಯವನ್ನಾಗಿ ರೂಪಿಸಲಾಗಿದೆ.

3. ಚೇಂದಮಂಗಲಂ: ಇಲ್ಲಿನ ಸಿನಗಾಗ್ ಕೂಡ ಜೀರ್ಣೋದ್ಧಾರಗೊಂಡು ವಸ್ತು ಸಂಗ್ರಹಾಲಯವಾಗಿದೆ. ಅದರ ಮುಂದೆ 1269ರ ಹೀಬ್ರೂ ಗೋರಿಗಲ್ಲಿದೆ. ಇಸ್ರೇಲ್ ಎಂಬುವರ ಮಗಳು ಸಾರಾ ಎಂಬ ಸ್ತ್ರೀಯ ಸ್ಮರಣಾರ್ಥವಾದ ಈ ಕಲ್ಲನ್ನು ಭಾರತದ ಅತಿ ಹಳೆಯ ಹೀಬ್ರೂ ಶಾಸನಗಳಲ್ಲಿ ಒಂದೆಂದು ಪರಿಗಣಿಸಲಾಗಿದೆ. ದೇವಸ್ಥಾನ, ಮಸೀದಿ, ಚರ್ಚ್ ಮತ್ತು ಸಿನಗಾಗ್‌ಗಳು ಈ ಊರಿನಲ್ಲಿ ಪರಸ್ಪರ ಹತ್ತಿರದಲ್ಲಿವೆ.

4. ಮಾಳ (ತ್ರಿಶ್ಶೂರ್ ಜಿಲ್ಲೆ): 1955ರಲ್ಲಿ ಊರು ಬಿಡುವ ಮೊದಲು ಇಲ್ಲಿನ ಯಹೂದಿಯರು ತಮ್ಮ ಸಿನಗಾಗ್ ಮತ್ತು ರುದ್ರಭೂಮಿಯನ್ನು ಸ್ಥಳೀಯ ಪಂಚಾಯಿತಿಯ ವಶಕ್ಕೆ ಒಪ್ಪಿಸಿ, ಅವುಗಳನ್ನು ಸಂರಕ್ಷಿಸಬೇಕೆಂಬ ಷರತ್ತನ್ನು ಒಪ್ಪಂದ ಪತ್ರದಲ್ಲಿ ಬರೆಸಿದ್ದರು. ಹೊರಟುಹೋಗುವವರು ಉಳಿಯುವವರ ಮೇಲಿಟ್ಟ ವಿಶ್ವಾಸವು ಲಿಖಿತ ರೂಪದಲ್ಲಿ ದೊರೆಯುವ ಅಪರೂಪದ ಪ್ರಸಂಗವಿದು.

ಕರ್ನಾಟಕದೊಂದಿಗೆ ಸಂಬಂಧ

ಪಶ್ಚಿಮ ಕರಾವಳಿಯ ಯಹೂದಿ ವ್ಯಾಪಾರವು ಕೇರಳಕ್ಕೆ ಸೀಮಿತವಾಗಿರಲಿಲ್ಲ. ಟ್ಯುನೀಷಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕನು 12ನೇ ಶತಮಾನದಲ್ಲಿ, ಅಂದರೆ ಸುಮಾರು 1132ರಿಂದ 1149ರವರೆಗೆ ಮಂಗಳೂರನ್ನು ಕೇಂದ್ರವಾಗಿಸಿಕೊಂಡು ವ್ಯಾಪಾರ ನಡೆಸಿದನು. ಕರಿಮೆಣಸು, ಅಡಿಕೆ, ಕಬ್ಬಿಣ ಮೊದಲಾದ ಸರಕುಗಳನ್ನು ಅವನು ಏಡನ್ ಬಂದರಿಗೆ ಕಳುಹಿಸುತ್ತಿದ್ದನು. ಅವನ ಪರವಾಗಿ ಏಡನ್‌ಗೆ ಹೋಗಿಬರುತ್ತಿದ್ದ ಸೇವಕನ ಹೆಸರು ಬೊಮ್ಮ ಎಂದು ವಿದ್ವಾಂಸರು ಓದಿದ್ದಾರೆ. ಆಶು ಎಂಬ ಸ್ತ್ರೀಯನ್ನು ದಾಸ್ಯದಿಂದ ಬಿಡುಗಡೆಗೊಳಿಸಿದ ಬಗ್ಗೆ 1132ರಲ್ಲಿ ಮಂಗಳೂರಿನಲ್ಲಿ ಬರೆದ ಪತ್ರವೂ ಲಭ್ಯವಿದೆ. ಕೈರೋ ನಗರದ ಬೆನ್ ಎಜ್ರಾ ಸಿನಗಾಗ್‌ನ ದಾಖಲೆ ಕೋಣೆಯಲ್ಲಿ ಈ ಪತ್ರಗಳು ಉಳಿದುಬಂದಿದ್ದವು. ಲೇಖಕ ಅಮಿತಾವ್ ಘೋಷ್ ಅವರು 1992ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ವಿಷಯವು ಸಾಮಾನ್ಯ ಓದುಗರಿಗೂ ತಿಳಿಯಿತು. ಬೆಂಗಳೂರಿನ ಮೈಸೂರು ರಸ್ತೆಯಲ್ಲೂ 20ನೇ ಶತಮಾನದ ಆರಂಭದಿಂದ ಯಹೂದಿ ರುದ್ರಭೂಮಿ ಇದೆ.

ಭೇಟಿಯ ದಿನ ಮತ್ತು ಸಮಯ

1. ಯಹೂದಿಯರ ವಿಶ್ರಾಂತಿ ದಿನವಾದ ಸಬ್ಬತ್ ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ಸಂಜೆಯವರೆಗೆ ಇರುತ್ತದೆ. ಶನಿವಾರ ಹಾಗೂ ಯಹೂದಿ ಹಬ್ಬಗಳ ದಿನಗಳಲ್ಲಿ ಪರದೇಶಿ ಸಿನಗಾಗ್‌ಗೆ ಪ್ರವಾಸಿಗರ ಪ್ರವೇಶವಿಲ್ಲ. ಶುಕ್ರವಾರದ ಭೇಟಿಯನ್ನು ಅವಲಂಬಿಸದಿರುವುದು ಕ್ಷೇಮ.

2. ಮಟ್ಟಾಂಚೇರಿ ಅರಮನೆಗೆ ಶುಕ್ರವಾರ ರಜೆ ಇರುತ್ತದೆ. ಆದ್ದರಿಂದ ಎರಡನ್ನೂ ಒಂದೇ ದಿನ ನೋಡಬಯಸುವವರು ಭಾನುವಾರದಿಂದ ಗುರುವಾರದೊಳಗಿನ ದಿನವನ್ನು ಆಯ್ದುಕೊಳ್ಳತಕ್ಕದ್ದು.

3. ಸಿನಗಾಗ್ ಮಧ್ಯಾಹ್ನದ ಹೊತ್ತು ಮುಚ್ಚಿರುತ್ತದೆ. ಬೆಳಿಗ್ಗೆ 10 ಗಂಟೆಗೆ ನಡಿಗೆ ಆರಂಭಿಸುವುದು ಅನುಕೂಲಕರ. ಪ್ರವೇಶ ಶುಲ್ಕವು ಅಲ್ಪವಾಗಿದ್ದು ಸ್ಥಳದಲ್ಲೇ ಪಾವತಿಸಬೇಕು. ಹೊರಡುವ ಮೊದಲು ಆಯಾ ದಿನದ ಸಮಯವನ್ನು ಖಚಿತಪಡಿಸಿಕೊಳ್ಳುವುದು.

4. ಪರವೂರ್ ಮತ್ತು ಚೇಂದಮಂಗಲಂ ವಸ್ತು ಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ ಇರುತ್ತದೆ.

5. ಎರ್ನಾಕುಲಂ ಕಡೆಯಿಂದ ಬರುವವರು ದೋಣಿಯ ಮೂಲಕ ಅಥವಾ ರಸ್ತೆಯ ಮೂಲಕ ಮಟ್ಟಾಂಚೇರಿಯನ್ನು ತಲುಪಬಹುದು. ಮಂಗಳೂರು ಮತ್ತು ಬೆಂಗಳೂರಿನಿಂದ ಎರ್ನಾಕುಲಂಗೆ ರೈಲು ಸಂಪರ್ಕವಿದೆ.

ಮಾರ್ಗದರ್ಶಿಯ ನೇಮಕ

1. ಕೇಂದ್ರ ಅಥವಾ ರಾಜ್ಯ ಪ್ರವಾಸೋದ್ಯಮ ಇಲಾಖೆಯಿಂದ ಮಾನ್ಯತೆ ಪಡೆದ ಮಾರ್ಗದರ್ಶಿಗಳು ಗುರುತಿನ ಚೀಟಿ ಹೊಂದಿರುತ್ತಾರೆ. ಅದನ್ನು ಪರಿಶೀಲಿಸಿದ ನಂತರವೇ ಒಪ್ಪಿಗೆ ನೀಡತಕ್ಕದ್ದು.

2. ಶುಲ್ಕ, ಅವಧಿ, ನೋಡಬೇಕಾದ ಸ್ಥಳಗಳು ಹಾಗೂ ವಿವರಣೆಯ ಭಾಷೆಯನ್ನು ಮುಂಚಿತವಾಗಿ ತೀರ್ಮಾನಿಸಿಕೊಳ್ಳುವುದು. ಕನ್ನಡ ಬಲ್ಲ ಮಾರ್ಗದರ್ಶಿ ಬೇಕಿದ್ದಲ್ಲಿ ಕೆಲವು ದಿನಗಳ ಮೊದಲೇ ವಿಚಾರಿಸುವುದು.

3. ಅಂಗಡಿಗಳ ಭೇಟಿಯು ನಡಿಗೆಯ ಭಾಗವೇ, ಅಲ್ಲವೇ ಎಂಬುದನ್ನು ಆರಂಭದಲ್ಲೇ ಸ್ಪಷ್ಟಪಡಿಸಿಕೊಳ್ಳುವುದು. ಖರೀದಿ ಕಡ್ಡಾಯವಲ್ಲ.

4. ಪುರಾತನ ವಸ್ತುಗಳ ಖರೀದಿಗೆ 1972ರ ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಅಧಿನಿಯಮವು ಅನ್ವಯಿಸುತ್ತದೆ. ನೂರು ವರ್ಷಗಳಿಗೂ ಹಳೆಯದಾದ ಪುರಾತನ ವಸ್ತುವನ್ನು ಖಾಸಗಿ ವ್ಯಕ್ತಿಗಳು ವಿದೇಶಕ್ಕೆ ಸಾಗಿಸುವಂತಿಲ್ಲ. ಮಾರಾಟಗಾರರ ಪರವಾನಗಿಯನ್ನು ಪರಿಶೀಲಿಸಿ, ರಸೀದಿ ಪಡೆಯತಕ್ಕದ್ದು.

ಪಾಲಿಸಬೇಕಾದ ನಿಯಮಗಳು

1. ಭುಜ ಹಾಗೂ ಮೊಣಕಾಲು ಮುಚ್ಚುವ ಉಡುಪನ್ನು ಧರಿಸುವುದು. ಪಾದರಕ್ಷೆಗಳನ್ನು ಹೊರಗೆ ಬಿಡುವುದು.

2. ಸಿನಗಾಗ್‌ನ ಒಳಗೆ ಛಾಯಾಚಿತ್ರ ತೆಗೆಯುವುದನ್ನು ನಿಷೇಧಿಸಲಾಗಿದೆ. ಮೊಬೈಲ್ ದೂರವಾಣಿಗೂ ಇದು ಅನ್ವಯಿಸುತ್ತದೆ.

3. ವಾಚನ ವೇದಿಕೆಯನ್ನು ಹತ್ತುವುದಾಗಲಿ, ಪವಿತ್ರ ಪೆಟ್ಟಿಗೆಯ ತೆರೆಯನ್ನು ಮುಟ್ಟುವುದಾಗಲಿ ಕೂಡದು.

4. ಬೀದಿಯ ಮನೆಗಳ ಕಿಟಕಿ, ಬಾಗಿಲುಗಳಲ್ಲಿ ಇಣುಕುವುದು, ನಿವಾಸಿಗಳ ಚಿತ್ರವನ್ನು ಅನುಮತಿಯಿಲ್ಲದೆ ತೆಗೆಯುವುದು ಸಲ್ಲದು.

5. ದೊಡ್ಡ ತಂಡಗಳು ಸಣ್ಣ ಗುಂಪುಗಳಾಗಿ ಪ್ರವೇಶಿಸುವುದು ಹಾಗೂ ಒಳಗೆ ಮೌನ ಪಾಲಿಸುವುದು.

ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಅನ್ಯ ಧರ್ಮೀಯರಿಗೆ ಪ್ರವೇಶವಿದೆಯೇ?
ಉತ್ತರ: ಇದೆ. ಭೇಟಿಯ ಸಮಯದಲ್ಲಿ ಎಲ್ಲರೂ ಪ್ರವೇಶಿಸಬಹುದು. ಪ್ರಾರ್ಥನೆ ನಡೆಯುತ್ತಿದ್ದಲ್ಲಿ ಹೊರಗೆ ಕಾಯಬೇಕು.

ಪ್ರಶ್ನೆ: ಉಳಿದಿರುವ ಯಹೂದಿ ನಿವಾಸಿಗಳನ್ನು ಭೇಟಿ ಮಾಡಿಸಲಾಗುವುದೇ?
ಉತ್ತರ: ಇಲ್ಲ. ಅವರು ಖಾಸಗಿ ನಾಗರಿಕರು, ಪ್ರದರ್ಶನದ ವಿಷಯವಲ್ಲ. ‘ಕೊನೆಯ ಯಹೂದಿ’ಯನ್ನು ತೋರಿಸುವುದಾಗಿ ಯಾರಾದರೂ ಹೇಳಿದಲ್ಲಿ ನಿರಾಕರಿಸುವುದು.

ಪ್ರಶ್ನೆ: ಹಿರಿಯ ನಾಗರಿಕರು ಈ ನಡಿಗೆಯನ್ನು ಕೈಗೊಳ್ಳಬಹುದೇ?
ಉತ್ತರ: ಮಾರ್ಗವು ಸಮತಟ್ಟಾಗಿದೆ. ಅರಮನೆಯ ಮೇಲಂತಸ್ತಿಗೆ ಮೆಟ್ಟಿಲುಗಳಿವೆ. ಬಿಸಿಲಿನ ದಿನಗಳಲ್ಲಿ ಕೊಡೆ, ಕುಡಿಯುವ ನೀರು ಜೊತೆಗಿರಲಿ.

ಪ್ರಶ್ನೆ: ತಾಮ್ರ ಶಾಸನದ ಮೂಲ ಫಲಕಗಳನ್ನು ನೋಡಲು ಸಾಧ್ಯವೇ?
ಉತ್ತರ: ಅವುಗಳನ್ನು ಸುರಕ್ಷಿತವಾಗಿ ಇರಿಸಲಾಗಿದ್ದು, ಸಾಮಾನ್ಯ ಭೇಟಿಯಲ್ಲಿ ತೋರಿಸಲಾಗುತ್ತದೆಂದು ನಿರೀಕ್ಷಿಸಬಾರದು.

ಸಾರ್ವಜನಿಕರಲ್ಲಿ ಮನವಿ

ಕೊಚ್ಚಿಯ ಅರಸರು ಜಾಗ ಕೊಟ್ಟರು, ಯಹೂದಿಯರು ಮಂದಿರ ಕಟ್ಟಿದರು, ನೆರೆಯವರು ಅದನ್ನು ಕಾಯ್ದರು. ಮಟ್ಟಾಂಚೇರಿಯಲ್ಲಿ ಒಂದು ಮಂದಿರವು ದೀಪಗಳೊಂದಿಗೆ ನಿಂತಿದೆ, ಮತ್ತೊಂದು ಕುಸಿದಿದೆ, ಮಗದೊಂದು ಹೆಸರಾಗಿ ಮಾತ್ರ ಉಳಿದಿದೆ. ನಿರಂತರ ನಿಗಾ ದೊರೆತ ಮತ್ತು ದೊರೆಯದ ಕಟ್ಟಡಗಳ ಅಂತರವನ್ನು ಒಂದೇ ನಡಿಗೆಯಲ್ಲಿ ಕಾಣಬಹುದು. ಆದ್ದರಿಂದ ಪ್ರವಾಸಿಗರು ಮೇಲ್ಕಂಡ ನಿಯಮಗಳನ್ನು ತಪ್ಪದೆ ಪಾಲಿಸಿ, ತಮ್ಮ ಊರಿನಲ್ಲೂ ವಾರಸುದಾರರಿಲ್ಲದೆ ಉಳಿದಿರುವ ಹಳೆಯ ಮಂದಿರ, ಗೋರಿ, ಶಾಸನಗಳ ಬಗ್ಗೆ ಇದೇ ಕಾಳಜಿಯನ್ನು ತೋರಬೇಕೆಂದು ಕೋರಲಾಗಿದೆ.